ಉಡದ ಮೇಷ್ಟ್ರ ವಂಶ

ತನ್ನ ಮೇಲೆ ಇನ್ನೂ ಯಾರೂ ಕೊಟ್ಟಿರದ ದೂರಿಗೆ ಅಚ್ಯುತ ಒಂಬತ್ತು ದಿನಗಳಿಂದ ಉತ್ತರ ಬರೆಯುತ್ತಿದ್ದ. ಕಾಗದದ ಮೇಲಲ್ಲ, ತಲೆಯೊಳಗೆ. ಹಲ್ಲುಜ್ಜುವಾಗ ಒಂದು ಪ್ಯಾರಾ, ತರಗತಿಯಲ್ಲಿ ಹಾಜರಿ ಕೂಗುವಾಗ ಇನ್ನೊಂದು. ‘ಮಾನ್ಯ ಪ್ರಾಂಶುಪಾಲರೆ, ಬಹುಮಾನ ವಿತರಣೆಯ ದಿನ ಅರ್ಥಶಾಸ್ತ್ರದ ಉಪನ್ಯಾಸಕಿ ರೂಪ ಅವರ ಕೈಯನ್ನು ನಾನು ಕುಲುಕಿದ್ದು ನಿಜ; ಕುಲುಕಿದ ಮೇಲೆ ನಾಲ್ಕೈದು ಸೆಕೆಂಡು ಬಿಡದೆ ಇದ್ದದ್ದೂ ನಿಜ; ಆದರೆ...’ ಈ ‘ಆದರೆ’ಯ ಹತ್ತಿರ ಬಂದು ವಾಕ್ಯ ನಿಂತುಬಿಡುತ್ತಿತ್ತು. ಒಂದು ಪದ ಕಿವಿಗೆ ಬಿದ್ದ ಮೇಲೆ ಮುಂದಿನ ಪದಕ್ಕಾಗಿ ಕೇಳುವವನ ಮನಸ್ಸು ಹಸಿದು ಕೂರುತ್ತದೆ, ಅದನ್ನು ಆಕಾಂಕ್ಷೆ ಎನ್ನುತ್ತಾರೆ ಎಂದು ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಾ ಬಂದವನು ಅವನು. ಈಗ ತನ್ನ ‘ಆದರೆ’ಯ ಮುಂದೆ ಇಡೀ ಕಾಲೇಜು ಹಸಿದು ಕೂತಿರುವಂತೆ ಅವನಿಗೆ ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ, ಅರ್ಧ ದಿನದ ಪಾಠ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. ಡಿಸೆಂಬರಿನ ಕಂಬಿ, ಮಧ್ಯಾಹ್ನವಾದರೂ ಕೊರೆಯುತ್ತಿತ್ತು. ಹಿಡಿದ ಮೇಲೆ, ಹಿಡಿಯಬಾರದಾಗಿತ್ತು ಎಂದು ನೆನಪಾಯಿತು. ಬಿಚ್ಚಿ ಎಂದು ಬೆರಳುಗಳಿಗೆ ಹೇಳಿದ. ಅವು ಹಳೆಯ ಗುಮಾಸ್ತರ ಹಾಗೆ ಮಾತು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಎದ್ದವು.

ಜೇಬಿನಲ್ಲಿ ಐದು ಚೀಟಿಗಳಿದ್ದವು. ಯಾವುದೋ ಟ್ರಸ್ಟಿನವರು ಎಲ್ಲ ಶಾಸ್ತ್ರಗಳಿಗೂ ಸೇರಿ ಒಂದು ಪದಕೋಶ ಮಾಡಿಸುತ್ತಿದ್ದರು. ಇಂಗ್ಲಿಷಿನ ಮೊದಲ ಅಕ್ಷರದ ಮುನ್ನೂರು ಪದ ಅಚ್ಯುತನ ಪಾಲಿಗೆ ಬಂದಿದ್ದವು. ಇನ್ನೂರ ತೊಂಬತ್ತೊಂಬತ್ತು ಸಲೀಸಾಗಿ ಮುಗಿದು, ‘ಆಂಟಿಸಿಪೇಷನ್’ ಎಂಬ ಒಂದೇ ಒಂದರಲ್ಲಿ ಗಾಡಿ ಹೂತುಕೊಂಡಿತ್ತು. ಅವನು ‘ನಿರೀಕ್ಷೆ’ ಎಂದು ಬರೆದು ಕಳಿಸಿದ್ದ. ಸಂಪಾದಕರು, ಒಂದೊಂದು ಕ್ಷೇತ್ರದಲ್ಲಿ ಒಂದೊಂದು ಅರ್ಥವಿದೆ, ತಿಳಿದವರನ್ನು ಕೇಳಿ ಬರೆಯಿರಿ ಎಂದು ಹಿಂದಿರುಗಿಸಿದ್ದರು. ವ್ಯಾಕರಣದ ಚೀಟಿಗೆ ಆಕಾಂಕ್ಷೆಯನ್ನು ತಾನೇ ಬರೆದ. ಸಂಗೀತದ ಚೀಟಿಗೆ, ಬರಬೇಕಾದ ಸ್ವರ ತನ್ನ ಸರದಿಗೆ ಮುಂಚೆಯೇ ಬಂದು ನಿಲ್ಲುವುದು ಎಂದು ಯಾರೋ ಹೇಳಿದರು. ಕಾನೂನಿನ ಚೀಟಿಗೆ ವಕೀಲ ಚೆನ್ನರಾಯಪ್ಪನನ್ನು ಕೇಳಲು ಹೋದ. ಓದಿನ ಕಾಲದ ಗೆಳೆಯ. ‘ನಿರೀಕ್ಷಣಾ ಜಾಮೀನು. ಪೊಲೀಸ್ನೋರು ಹಿಡಿಯೋಕ್ ಮುಂಚೇನೇ ಬಿಡಿಸ್ಕೊಳ್ಳೋದು ಕಣಯ್ಯ,’ ಎಂದ ಚೆನ್ನರಾಯಪ್ಪ. ಅಚ್ಯುತ ಬರೆದುಕೊಂಡ, ಪೆನ್ನಿನ ಮುಚ್ಚಳ ಹಾಕುತ್ತಾ, ಯಾರದೋ ವಿಷಯವೆಂಬಂತೆ, ಒಬ್ಬ ಹೆಂಗಸಿನ ಕೈ ಕುಲುಕಿ ಸ್ವಲ್ಪ ತಡವಾಗಿ ಬಿಟ್ಟರೆ ಅದಕ್ಕೂ ಇದು ಸಿಗುತ್ತದೆಯೇ ಎಂದು ಕೇಳಿದ. ‘ಕಂಪ್ಲೇಂಟ್ ಕೊಟ್ಟೋರು ಯಾರು?’ ‘ಯಾರೂ ಇಲ್ಲ.’ ‘ಹಂಗಾದ್ರೆ ಅರ್ಜಿ ಹಾಕ್ಬಿಡು. ಕಂಪ್ಲೇಂಟ್ ತಾನಾಗೇ ಬರ್ತದೆ,’ ಎಂದು ಚೆನ್ನರಾಯಪ್ಪ ಹೊಟ್ಟೆ ಕುಣಿಸಿ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಅವನ ನಗುವಿನಲ್ಲೇ ಇತ್ತು.

ವೈದ್ಯಶಾಸ್ತ್ರದ ಚೀಟಿಗೆ ಹೋಗದಿದ್ದರೆ ಆಗುತ್ತಿತ್ತು. ಮೊನ್ನೆ ಗುರುವಾರ ಹೋದ. ಡಾಕ್ಟರ್ ಸಿದ್ಧಾರ್ಥ್ ಅವನ ಹಳೆಯ ವಿದ್ಯಾರ್ಥಿ, ಛಂದಸ್ಸಿನಲ್ಲಿ ಗಣ ವಿಂಗಡಿಸಲು ಕೊನೆಯವರೆಗೂ ಬಾರದ ಹುಡುಗ. ‘ನಮ್ಮಲ್ಲಿ ಅದಕ್ಕೆ ಅರ್ಥಾನೇ ಬೇರೆ ಸಾರ್. ಕೆಲವು ವಂಶದ ಕಾಯಿಲೆಗಳಿರ್ತವೆ. ತಾತಂಗೆ ಅರವತ್ತಕ್ಕೆ ಬಂದಿದ್ದು ಮಗನಿಗೆ ನಲವತ್ತಕ್ಕೆ, ಮೊಮ್ಮಕ್ಕಳಿಗೆ ಇಪ್ಪತ್ತಕ್ಕೆ ಬರುತ್ತೆ. ತಲೆಮಾರಿಂದ ತಲೆಮಾರಿಗೆ ಬೇಗ ಬರುತ್ತೆ, ಜೋರಾಗಿ ಬರುತ್ತೆ. ಅದೇ ಆಂಟಿಸಿಪೇಷನ್.’ ಮೇಷ್ಟ್ರ ಚಪಲ ಸುಮ್ಮನಿರುತ್ತದೆಯೇ, ಅಚ್ಯುತ ಒಂದು ಉದಾಹರಣೆ ಕೇಳಿದ. ‘ಒಂದಿದೆ ಸಾರ್, ಮುಷ್ಟಿ ಹಿಡಿದ್ರೆ ತಕ್ಷಣ ಬಿಚ್ಚೋಕಾಗಲ್ಲ. ಹಿಡಿದದ್ದು ಬಿಡಲ್ಲ.’ ‘ಅದು ಕಾಯಿಲೆ ಅಲ್ಲಪ್ಪ, ನಮ್ಮ ವಂಶದ ಗುಣ,’ ಎಂದು ಅಚ್ಯುತ ನಕ್ಕ. ಸಿದ್ಧಾರ್ಥ್ ನಗಲಿಲ್ಲ. ಕೈ ಕೊಡಿ ಸಾರ್ ಎಂದು, ಹೆಬ್ಬೆರಳಿನ ಬುಡಕ್ಕೆ ಪುಟ್ಟ ಸುತ್ತಿಗೆಯಿಂದ ಟಕ್ ಎಂದು ಹೊಡೆದ. ಹೆಬ್ಬೆರಳು ಅಂಗೈಯೊಳಕ್ಕೆ ಮಡಿಸಿಕೊಂಡು ಅಲ್ಲೇ ಕೂತಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಬಹಳ ನಿಧಾನವಾಗಿ ಹೊರಗೆ ಬಂತು. ‘ಬೆಂಗಳೂರಿಗೆ ಹೋಗಿ ಟೆಸ್ಟ್ ಮಾಡಿಸ್ಬೇಕು ಸಾರ್. ಹೆದರ್ಕೋಬೇಡಿ. ಆದ್ರೆ ಇದು ಬರೀ ಕೈಗಲ್ಲ, ಕೆಲವರಿಗೆ ಹಾರ್ಟಿಗೂ ತೊಂದರೆ ಕೊಡುತ್ತೆ. ಮಕ್ಕಳಿದ್ರೆ ಅವರನ್ನೂ ತೋರಿಸ್ಬೇಕು. ಓಡೋದು ಆಡೋದು ಮಾಡೋ ಮಕ್ಕಳಾದ್ರೆ ಮೊದಲು ಅವರನ್ನೇ. ನಿಮಗೆ ಮಕ್ಕಳೆಷ್ಟು ಸಾರ್?’

‘ಇಲ್ಲ,’ ಎಂದ ಅಚ್ಯುತ.

ಯಾಕೆ ಹಾಗೆಂದನೋ ಅವನಿಗೇ ತಿಳಿಯದು. ಎರಡಕ್ಷರ. ಎರಡೇ ಅಕ್ಷರದಲ್ಲಿ ಹತ್ತೊಂಬತ್ತು ವರ್ಷದ ಮಗಳು ಶ್ರೀವಲ್ಲಿಯನ್ನು ಹುಟ್ಟೇ ಇಲ್ಲವೆನ್ನಿಸಿಬಿಟ್ಟಿದ್ದ. ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದ ಶ್ರೀವಲ್ಲಿ ಕಾಲೇಜಿನ ಕಬಡ್ಡಿ ತಂಡದ ಮೂಲೆ ಕಾಯುವವಳು. ಇಂದು ಮೂರು ಗಂಟೆಗೆ ಫೈನಲ್ ಇತ್ತು, ಗೆದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಅವಳ ಹೆಸರು ಹೋಗುವುದಿತ್ತು. ಆಟ ಶುರುವಾಗುವ ಮೊದಲು ಅವಳನ್ನು ಪಕ್ಕಕ್ಕೆ ಕರೆದು, ಇವತ್ತು ಆಡಬೇಡಮ್ಮ, ಮೊದಲು ಡಾಕ್ಟರಿಗೆ ತೋರಿಸೋಣ ಎನ್ನಬೇಕು. ಅಷ್ಟಕ್ಕೇ ಅವನು ಬಸ್ಸು ಹತ್ತಿದ್ದ. ಹೆಂಡತಿಗೆ ಮ್ಯಾಚು ನೋಡಲು ಹೋಗುತ್ತಿದ್ದೇನೆ ಎಂದಿದ್ದ, ಅದೂ ಸುಳ್ಳಲ್ಲ. ಯಾಕೆ ಆಡಬಾರದು ಎಂದು ಮಗಳು ಕೇಳಿದರೆ? ಅವಳ ತಾತ ಅನಂತರಾಮಯ್ಯನವರಿಂದ ಶುರುಮಾಡಬೇಕು. ತೊಂಡೇಬಾವಿಯ ಶಾಲೆಯಲ್ಲಿ ಅವರನ್ನು ಉಡದ ಮೇಷ್ಟ್ರು ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿದ್ದಾಗ, ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡಿದ್ದ ಊರ ಗೌಡರ ಮಗನ ಮುಂಗೈ ಹಿಡಿದರು. ಹುಡುಗ ಅತ್ತ, ಗೌಡರು ಬಂದು ಗದರಿದರು, ಹೆಡ್ಮಾಸ್ಟರು ‘ಬಿಟ್ಬಿಡಿ ಮೇಷ್ಟ್ರೆ’ ಎಂದು ಬೇಡಿಕೊಂಡರು, ಅನಂತರಾಮಯ್ಯ ಬಿಡಲಿಲ್ಲ. ಸತ್ಯ ಎಂದರೆ ಉಡದ ಪಟ್ಟು ಕಣೋ ಎಂದು ಊರು ಹೇಳಿತು. ಸನ್ಮಾನದಲ್ಲಿ ಹೇಳಿತು, ಅವರು ಸತ್ತ ಹನ್ನೊಂದನೆಯ ದಿನವೂ ಹೇಳಿತು. ಚಳಿಗಾಲದ ಬೆಳಗ್ಗೆ ಅವರ ಕೈಯಿಂದ ಕಾಫಿ ಲೋಟ ಬಿಡಿಸಲು ಅವನ ತಾಯಿ ವಿಶಾಲಾಕ್ಷಮ್ಮ ಬಿಸಿನೀರಿನ ಬಟ್ಟೆ ಸುತ್ತುತ್ತಿದ್ದದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ಹುಡುಗನ ಕೈಯನ್ನು ಅಪ್ಪ ಬಿಡಬೇಕೆಂದುಕೊಂಡೂ ಬಿಡಲಾರದೆ ನಿಂತಿದ್ದರೇ? ಗೌಡರೆದುರಿಗೆ, ಬೆವೆತುಕೊಂಡು, ಸತ್ಯದ ಮುಖ ಮಾಡಿಕೊಂಡು? ಅಚ್ಯುತ ಎಂದರೆ ಜಾರದವನು. ಹೆಸರಿಡುವಾಗ ಅಪ್ಪ ದೇವರನ್ನಷ್ಟೇ ನೆನೆದಿರಬೇಕು.

ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಓಡಿಬಂದು ಹತ್ತಿದವಳು ರೂಪ. ಶಿಡ್ಲಘಟ್ಟದ ಹುಡುಗಿ, ವಾರವೆಲ್ಲ ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಾಳೆಂದು ಅಚ್ಯುತನಿಗೆ ಗೊತ್ತಿತ್ತು. ಗೊತ್ತಿದ್ದೂ ಇದೇ ಬಸ್ಸು ಹತ್ತಿದೆನೆಂದರೆ ಅದಕ್ಕೂ ಒಂದು ಅರ್ಥವಿರಬಹುದೆಂದು ಈಗ ಹೊಳೆಯಿತು. ಖಾಲಿ ಇದ್ದದ್ದು ಅವನ ಪಕ್ಕದ ಸೀಟು ಮಾತ್ರ. ‘ಇಲ್ಲಿ ಯಾರಾದ್ರೂ ಇದಾರಾ ಸಾರ್?’ ‘ಇಲ್ಲ,’ ಎಂದ. ಈ ಮಾತು ಎರಡು ದಿನದಿಂದ ಬಾಯಿಗೆ ಸಲೀಸಾಗಿ ಬರುತ್ತಿತ್ತು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯನ್ನು ಅದರಡಿಗೆ ತೂರಿಸಿ, ಕಿಟಕಿಯ ಹೊರಗೆ ನೋಡುತ್ತಾ ಕೂತ. ದ್ರಾಕ್ಷಿ ಚಪ್ಪರಗಳು ಹೋದವು, ಹಿಪ್ಪುನೇರಳೆ ತೋಟಗಳು ಬಂದವು. ‘ಸಾರ್, ನಿಮ್ಮತ್ರ ಒಂದು ಮಾತು ಹೇಳ್ಬೇಕು ಅಂತ ಒಂದು ವಾರದಿಂದ ಕಾಯ್ತಾ ಇದೀನಿ.’ ಬಂತು ಎಂದುಕೊಂಡ. ‘ಮಾನ್ಯ ಪ್ರಾಂಶುಪಾಲರೆ’ ಎಂಬಲ್ಲಿಂದ ಉತ್ತರ ತಾನಾಗಿ ಓಡತೊಡಗಿತು. ‘ಅವತ್ತು ಸ್ಟೇಜ್ ಮೇಲೆ ನೀವು ಕೈ ಕುಲುಕಿದ್ರಲ್ಲ. ಥ್ಯಾಂಕ್ಸ್ ಸಾರ್.’

ಅಚ್ಯುತ ತಿರುಗಿ ನೋಡಿದ. ‘ಮಿಕ್ಕೋರೆಲ್ಲ ಬೆರಳ ತುದಿ ಮುಟ್ಟಿ ಬಿಟ್ರು ಸಾರ್, ಏನೋ ಅಂಟ್ಕೊಳ್ಳುತ್ತೆ ಅನ್ನೋ ಹಾಗೆ. ನೀವೊಬ್ರೇ ಗಟ್ಟಿಯಾಗಿ ಹಿಡಿದು, ಮನಸ್ಸಿಂದ ಕೊಟ್ರಿ. ಮನೇಲೂ ಹೇಳ್ದೆ.’ ‘ಹುಡುಗರು ನಕ್ಕರಲ್ಲಮ್ಮ...’ ‘ಹುಡುಗರು ಯಾವತ್ತು ನಗಲ್ಲ ಸಾರ್?’ ‘ಸ್ವಲ್ಪ ಜಾಸ್ತಿ ಹೊತ್ತು ಹಿಡ್ಕೊಂಡ ಹಾಗೆ ಅನ್ನಿಸಲಿಲ್ವಾ?’ ರೂಪ ಯೋಚಿಸಿದಳು. ‘ಅನ್ನಿಸ್ತು. ನಮ್ಮಪ್ಪ ಹಂಗೇ ಹಿಡ್ಕೊಳ್ತಿದ್ರು,’ ಎಂದಳು.

ದೂರಿಲ್ಲ. ಒಂಬತ್ತು ದಿನ ಕೂಸು ಹುಟ್ಟದೆಯೇ ಕುಲಾವಿ ಹೊಲಿದಿದ್ದಾಯಿತು. ಸಂತೋಷವಾಗಬೇಕಾಗಿತ್ತು, ಆಗಲಿಲ್ಲ. ಯಾಕೆಂದು ಹುಡುಕಿದಾಗ ಸಿಕ್ಕಿದ್ದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಗುರುವಾರದಿಂದ ಅವನು ಒಳಗೊಳಗೇ ಒಂದು ಆಸೆಯನ್ನು ಸಾಕಿಕೊಂಡಿದ್ದ: ತಾನು ರೂಪಳ ಕೈ ಬಿಡದೆ ಇದ್ದದ್ದು ಬಿಡಲಾರದೆ ಅಲ್ಲ, ಬಿಡಲು ಮನಸ್ಸಿಲ್ಲದೆ. ತಾನೊಬ್ಬ ನಲವತ್ತೇಳು ವರ್ಷದ ಚಪಲಗಾರ. ಎಷ್ಟು ಚೆನ್ನಾಗಿರುತ್ತಿತ್ತು! ದೂರು ಬರುತ್ತದೆ, ವಿಚಾರಣೆಯಾಗುತ್ತದೆ, ಬಡ್ತಿ ನಿಲ್ಲುತ್ತದೆ, ಹೆಂಡತಿ ಮೂರು ತಿಂಗಳು ಮಾತು ಬಿಡುತ್ತಾಳೆ. ಆದರೆ ಅಪ್ಪ ಕಾಮುಕನಾದರೆ ಮಗಳು ಆರೋಗ್ಯವಂತಳು. ಕಾಮಕ್ಕೆ ವಂಶವಿಲ್ಲ, ಸುತ್ತಿಗೆಯಿಂದ ಹೊಡೆದು ನೋಡುವುದಿಲ್ಲ, ಹೃದಯಕ್ಕೆ ಬಂದರೂ ಅದರಿಂದ ಯಾರೂ ಸಾಯುವುದಿಲ್ಲ. ಪಕ್ಕದಲ್ಲಿ ಕೂತವಳನ್ನು ಓರೆಗಣ್ಣಿನಿಂದ ನೋಡಿ ತನ್ನೊಳಗೆ ಒಂದಿಷ್ಟಾದರೂ ಕೆಟ್ಟತನ ಏಳುತ್ತದೆಯೋ ಎಂದು ಪ್ರಯತ್ನಪಟ್ಟ. ಅವಳ ಕಿವಿಯ ಓಲೆ, ಕತ್ತಿನ ಹಿಂದಿನ ಕೂದಲು, ತೊಡೆಯ ಮೇಲಿನ ಟಿಫನ್ ಡಬ್ಬಿ. ಟಿಫನ್ ಡಬ್ಬಿಯ ಹತ್ತಿರ ಬಂದು, ಪಾಪ, ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದಳೋ ಎನ್ನಿಸಿತು. ಅಲ್ಲಿಗೆ ಅವನ ಕೊನೆಯ ಜಾಮೀನೂ ತಿರಸ್ಕೃತವಾಯಿತು. ಶಿಡ್ಲಘಟ್ಟದಲ್ಲಿ ಇಳಿಯುವಾಗ ರೂಪ ನಗುತ್ತಾ ಕೈ ಚಾಚಿದಳು. ಅಚ್ಯುತ ಗಾಬರಿಯಿಂದ ಚೀಲ ಕೆಳಕ್ಕೆ ಬೀಳಿಸಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಅವಳ ಮುಖ ಸಣ್ಣದಾಯಿತು. ಇನ್ನೊಬ್ಬ ಬೆರಳ ತುದಿಯವನು ಎಂದುಕೊಂಡೇ ಅವಳು ಇಳಿದುಹೋದಳು.

ಚಿಂತಾಮಣಿಯ ಮೈದಾನಕ್ಕೆ ಅವನು ಮುಟ್ಟಿದಾಗ ಮೂರು ಗಂಟೆಗೆ ಐದೇ ನಿಮಿಷವಿತ್ತು. ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಶ್ರೀವಲ್ಲಿ ಹಸಿರು ಬನಿಯನ್ ಹಾಕಿ, ಜಡೆ ಬಿಗಿದು, ಎರಡೂ ಮುಷ್ಟಿಯನ್ನು ಮತ್ತೆ ಮತ್ತೆ ಮುಚ್ಚಿ ತೆರೆಯುತ್ತಾ ಕುಪ್ಪಳಿಸುತ್ತಿದ್ದಳು. ಅಪ್ಪನನ್ನು ಕಂಡು ಕೈ ಬೀಸಿದಳು. ಅವನೂ ಬೀಸಿದ. ಕರೆಯುವ ಕೈಗೂ ಬೀಸುವ ಕೈಗೂ ದೂರದಿಂದ ಅಂಥ ವ್ಯತ್ಯಾಸವಿಲ್ಲ. ಹೇಳಬೇಕೆಂದರೆ ಅವನು ಹತ್ತು ಹೆಜ್ಜೆ ನಡೆದು ಹೋಗಬೇಕಾಗಿತ್ತು. ಅಷ್ಟರಲ್ಲಿ ತರಬೇತುದಾರ ಕೋನಪ್ಪ ಬಂದು ಅವನ ಭುಜಕ್ಕೆ ಭುಜ ಹಚ್ಚಿ ನಿಂತ. ‘ರಾ ಸಾರ್, ಬನ್ನಿ ಬನ್ನಿ. ನಿಮ್ಮ ಮಗಳದು ಏನ್ ಹಿಡಿತ ಸಾರ್! ರೈಡರ್ ಕಾಲು ಇನ್ನೂ ಗಾಳೀಲಿರ್ತದೆ, ಎಲ್ಲಿ ಇಡ್ತಾಳೆ ಅಂತ ಈಯಮ್ಮಂಗೆ ಗೊತ್ತಿರ್ತದೆ. ನಾವು ಅದಕ್ಕೆ ಆಂಟಿಸಿಪೇಷನ್ ಅಂತೀವಿ. ಹೇಳ್ಕೊಟ್ರೆ ಬರಲ್ಲ ಅದು, ರಕ್ತದಾಗೆ ಇರ್ಬೇಕು. ನಿಮ್ಮ ಮನೇಲಿ ಯಾರಾದ್ರೂ ಆಡ್ತಿದ್ರಾ?’ ‘ನಮ್ಮ ತಂದೆಯವರ ಹಿಡಿತ ಗಟ್ಟಿ ಇತ್ತು,’ ಎಂದ ಅಚ್ಯುತ. ‘ನೋಡ್ರಿ ಮತ್ತೆ!’ ಎಂದು ಕೋನಪ್ಪ ತೊಡೆ ತಟ್ಟಿದ. ಐದನೆಯ ಚೀಟಿ, ಕ್ರೀಡೆಯದು, ಇನ್ನೂ ಖಾಲಿ ಇತ್ತು. ಅಚ್ಯುತ ಅದನ್ನು ತೆಗೆದು, ಪೆನ್ನು ಹುಡುಕಿ, ನಿಂತಲ್ಲೇ ‘ಮುಂಗಾಣ್ಕೆ’ ಎಂದು ಬರೆದುಕೊಂಡ. ತಲೆ ಎತ್ತುವಷ್ಟರಲ್ಲಿ ಸೀಟಿ ಊದಿದರು. ಹೇಳುವ ಹೊತ್ತು ಮೀರಿತು ಎಂದು ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ತನ್ನ ಮೇಲೆ ಅಸಹ್ಯವಾಯಿತು.

ನಲವತ್ತು ನಿಮಿಷ ಅವನು ಕಬಡ್ಡಿ ನೋಡಲಿಲ್ಲ, ಮಗಳ ಉಸಿರಾಟ ನೋಡಿದ. ಅವಳು ಬಿದ್ದಾಗ ಎದ್ದು ನಿಂತ, ಎದ್ದಾಗ ಕೂತ. ಪಕ್ಕದವರು ಅವನನ್ನು ಭಾರೀ ಆಟದ ಹುಚ್ಚಿನವನೆಂದುಕೊಂಡು ಕಡಲೆಕಾಯಿ ಕೊಟ್ಟರು. ಮಗಳು ಮೂಲೆಯಲ್ಲಿ ಬಗ್ಗಿ ನಿಂತಿದ್ದಳು, ಕಣ್ಣು ಎದುರಾಳಿಯ ಕಾಲಿನ ಮೇಲೆ. ಇವಳಿಗೆ ಬಂದಿಲ್ಲ, ಇವಳಿಗೆ ಬಂದಿರಲಾರದು. ಇದು ಕಲಿತ ಹಿಡಿತ, ರಾಗಿಮುದ್ದೆ ತಿಂದು ಹಾಸ್ಟೆಲಿನ ಅಂಗಳದಲ್ಲಿ ಬೆವರು ಸುರಿಸಿ ಸಂಪಾದಿಸಿದ ಹಿಡಿತ. ಹಾಗಲ್ಲವೆಂದಾದರೆ ಕಪಾಟಿನಲ್ಲಿ ಅವಳು ಜೋಡಿಸಿಟ್ಟ ಪದಕಗಳೆಲ್ಲ ಏನು? ಕೊನೆಯ ನಿಮಿಷ, ಒಂದು ಅಂಕದ ಮುನ್ನಡೆ. ಆಚೆಯ ತಂಡದ ಎತ್ತರದ ಹುಡುಗಿ ನುಗ್ಗಿಬಂದಳು, ಅಂಚಿಗೆ ಕಾಲು ಚಾಚಿದಳು, ಶ್ರೀವಲ್ಲಿ ಆ ಕಾಲು ನೆಲ ಮುಟ್ಟುವ ಮೊದಲೇ ಅಲ್ಲಿದ್ದಳು. ಎರಡೂ ಕೈ ಆ ಕಾಲಿನ ಹರಡಿನ ಮೇಲೆ ಬಿಗಿದವು. ಹುಡುಗಿ ಬಿದ್ದು, ತೆವಳಿ, ಗೆರೆಗೆ ಕೈ ಚಾಚಿ, ಇನ್ನೊಂದು ಗೇಣು ಇರುವಾಗ ಉಸಿರು ಬಿಟ್ಟಳು. ಸೀಟಿ. ಮೈದಾನ ಹುಯ್ಯೆಂದಿತು. ಹಸಿರು ಬನಿಯನ್ನುಗಳು ಶ್ರೀವಲ್ಲಿಯ ಮೇಲೆ ಬಿದ್ದವು. ಅಚ್ಯುತ ಎಣಿಸತೊಡಗಿದ. ಒಂದು. ಎರಡು. ‘ವದುಲೇ ತಲ್ಲೀ, ಆಟ ಅಯಿಪೋಯಿಂದಿ!’ ಎಂದು ಬಿದ್ದ ಹುಡುಗಿ ಕಾಲು ಬಿಡೆಂದು ತೆಲುಗಿನಲ್ಲಿ ಕೂಗುತ್ತಿದ್ದಳು. ಮೂರು. ನಾಲ್ಕು. ಜನರ ನಡುವೆ ಮಗಳ ಕೈ ಕಾಣಲಿಲ್ಲ. ‘ಆಟ ಮುಗಿದ್ರೂ ಬಿಡ್ತಿಲ್ಲ ನೋಡ್ರಿ ಹುಲಿಮರಿ!’ ಎಂದು ಕೋನಪ್ಪ ಕುಣಿದ. ಆಮೇಲೆ ಕಾಲು ಬಿಡುಗಡೆಯಾಗಿತ್ತು. ಅವಳೇ ಬಿಟ್ಟಳೋ, ಮೇಲೆ ಬಿದ್ದ ಗೆಳತಿಯರು ಎಳೆದರೋ ಯಾರಿಗೆ ಗೊತ್ತು.

ಫೋಟೋ ಎಲ್ಲ ಮುಗಿದ ಮೇಲೆ ಅವಳು ನಲ್ಲಿಯ ಹತ್ತಿರ ಮುಖ ತೊಳೆದು ಅವನತ್ತ ಬಂದಳು. ಮೊಣಕೈ ತರಚಿತ್ತು, ಹಲ್ಲೆಲ್ಲ ನಗು. ‘ನೋಡ್ದ್ಯಾ ಅಪ್ಪ? ಯೂನಿವರ್ಸಿಟಿ ಟೀಮು! ಅಮ್ಮಂಗೆ ನೀನ್ ಹೇಳ್ಬೇಡ, ನಾನೇ ಹೇಳ್ತೀನಿ.’ ಹೇಳಬೇಕು, ಈಗ ಹೇಳಬೇಕು. ‘ಶ್ರೀ...’ ಎಂದ. ಇಷ್ಟು ವರ್ಷ ಅವಳ ತಲೆ ಸವರಿದವನು, ಇವತ್ತು ಕೈ ಚಾಚಿದ. ಅಭಿನಂದನೆಗೆಂದು ಅವಳು ತಿಳಿಯಲಿ. ತಾನು ಸಿದ್ಧಾರ್ಥನ ಸುತ್ತಿಗೆಯಂತೆ ಅವಳ ಕೈ ಪರೀಕ್ಷೆ ಮಾಡುತ್ತಿರುವುದು ಅವನಿಗೆ ಗೊತ್ತಿತ್ತು, ಆ ಕ್ಷಣದಲ್ಲಿ ಅವನು ತನ್ನನ್ನು ಕ್ಷಮಿಸಲಿಲ್ಲ. ‘ಏನಪ್ಪ ಇದು, ಪ್ರಿನ್ಸಿಪಾಲ್ ಥರ!’ ಎಂದು ನಗುತ್ತಾ ಅವಳು ಗಟ್ಟಿಯಾಗಿ ಕೈ ಹಿಡಿದಳು. ನಲ್ಲಿ ನೀರಿಗೆ ತಣ್ಣಗಾದ ಕೈ. ಕುಲುಕಿದರು. ಇಬ್ಬರೂ ನಿಲ್ಲಿಸಿದರು. ಕೈಗಳು ಹಾಗೇ ಇದ್ದವು.

‘ಬಿಡಪ್ಪ,’ ಎಂದಳು.

‘ನೀನು ಬಿಡಮ್ಮ,’ ಎಂದ.

‘ನೀನೇ ಹಿಡ್ಕೊಂಡಿರೋದು.’ ಅವಳು ನಕ್ಕಳು, ಅವನೂ ನಕ್ಕ. ಅವನ ಬೆರಳು ಅವಳ ಬೆರಳಿನ ಮೇಲಿದ್ದವು, ಅವಳವು ಅವನ ಅಂಗೈಯೊಳಗೆ; ಯಾವುದು ಯಾವುದನ್ನು ಹಿಡಿದಿದೆ ಎಂದು ಹೇಳುವಂತಿರಲಿಲ್ಲ. ಪರೀಕ್ಷೆ ಮಾಡಲು ಹೋದವನು, ತನ್ನ ಕೈಯೇ ಬಿಡದ ಕೈ ಎಂಬುದನ್ನು ಮರೆತಿದ್ದ. ಅವನ ಮೂರ್ಖತನಕ್ಕೆ ಅವನಿಗೇ ಮತ್ತೆ ನಗು ಬಂತು, ಈ ಸಲ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ಬಸ್ಸಿನಲ್ಲಿ ಕಟ್ಟಿದ್ದ ಮಾತುಗಳೆಲ್ಲ, ತಾತನಿಂದ ಶುರುಮಾಡಬೇಕೆಂದಿದ್ದ ಪೀಠಿಕೆಯೆಲ್ಲ ಎಲ್ಲೋ ಹೋಗಿತ್ತು. ಮೊದಲು ನಗು ನಿಲ್ಲಿಸಿದವಳು ಶ್ರೀವಲ್ಲಿ. ಅವಳು ಸೇರಿಕೊಂಡಿದ್ದ ಎರಡು ಕೈಯನ್ನೂ ನೋಡಿದಳು, ಆಮೇಲೆ ಅವನ ಮುಖ ನೋಡಿದಳು, ಹಿಂದೆ ತಿರುಗಿ ಗೆಳತಿಯರು ದೂರದಲ್ಲಿದ್ದಾರೆಯೇ ಎಂದು ನೋಡಿದಳು. ದನಿ ತಗ್ಗಿಸಿದಳು.

‘ಅಪ್ಪ,’ ಎಂದಳು, ‘ನಿಂಗೂ ಹಿಂಗಾಗತ್ತಾ?’